ಡ್ರೋಗ್ಬಾ: 10 ಫೈನಲ್, 10 ಗೋಲು (ತಿದ್ದಿದ್ದೇನೆ: 9 ಗೋಲು)

ನೀಲಿ_ಜೆರ್ಸಿ:
ಮೊನ್ನೆ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ನನ್ನ ಕಾಫಿ ಮಗ್ ಮೇಲಿನ ಚಿತ್ರ ನೋಡಿ "ಇದ್ಯಾರು ಸರ್?" ಅಂತ ಕೇಳಿದ. ಡಿಡಿಯರ್ ಡ್ರೋಗ್ಬಾ, ಲಂಡನ್‌ನ ಚೆಲ್ಸಿ ಕ್ಲಬ್‌ಗೆ ಆಡಿದ ಐವರಿ ಕೋಸ್ಟ್‌ನ ಫುಟ್ಬಾಲ್ ಸ್ಟ್ರೈಕರ್ ಅಂದೆ. ಫೋನ್ ತೆಗೆದು ಹುಡುಕಿದ. "ಪ್ರೀಮಿಯರ್ ಲೀಗ್‌ನಲ್ಲಿ 254 ಮ್ಯಾಚ್, 104 ಗೋಲು. ಅಷ್ಟೇನಾ?" ಅಂದ. ಗೋಲಿನ ಮೇಲೆ ಗೋಲು ಹೊಡೆಯುವ ಎರ್ಲಿಂಗ್ ಹಾಲಂಡ್‌ನನ್ನು ನೋಡಿ ಬೆಳೆದ ತಲೆಮಾರು, ಏನು ಹೇಳೋದು. ಅವತ್ತಿನಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಇಲ್ಲಿ ಬಂದು ಕಕ್ಕುತ್ತಿದ್ದೇನೆ, ಸಹಿಸಿಕೊಳ್ಳಿ.

ನನ್ನ ವಾದ ಇಷ್ಟೇ. ಈ ಮನುಷ್ಯನನ್ನು ಲೀಗ್ ಲೆಕ್ಕದಲ್ಲಿ ಅಳೆಯಬಾರದು. ಲೀಗ್ ಅಂದರೆ ತಿಂಗಳ ಸಂಬಳ ಇದ್ದ ಹಾಗೆ, ಬರುತ್ತಾ ಇರುತ್ತದೆ. ಫೈನಲ್ ಅಂದರೆ ಮದುವೆ ಮನೆ. ಅವತ್ತು ಅಡುಗೆ ಕೆಟ್ಟರೆ ಜನ ಜೀವನಪೂರ್ತಿ ಆಡಿಕೊಳ್ಳುತ್ತಾರೆ. ಚೆಲ್ಸಿ ಪರವಾಗಿ ಡ್ರೋಗ್ಬಾ ಆಡಿದ್ದು 10 ಫೈನಲ್, ಹೊಡೆದದ್ದು 10 ಗೋಲು. ನಾಲ್ಕು ಬೇರೆ ಬೇರೆ ಎಫ್‌ಎ ಕಪ್ ಫೈನಲ್‌ಗಳಲ್ಲಿ ಗೋಲು ಹೊಡೆದ ಮೊದಲ ಆಟಗಾರ ಅವನೇ.

ಇನ್ನು 2012ರ ಮೇ 19, ಮ್ಯೂನಿಕ್, ಚಾಂಪಿಯನ್ಸ್ ಲೀಗ್ ಫೈನಲ್. ಬಾಯರ್ನ್ ತಂಡಕ್ಕೆ ಅವರದೇ ಸ್ಟೇಡಿಯಂ. ಅವರಿಗೆ 20 ಕಾರ್ನರ್, ಚೆಲ್ಸಿಗೆ ಇಡೀ ಮ್ಯಾಚ್‌ನಲ್ಲಿ ಒಂದೇ ಒಂದು. 83ನೇ ನಿಮಿಷಕ್ಕೆ ಅವರ ಮುಲ್ಲರ್ ಗೋಲು. ನಮ್ಮ ಪಿಜಿಯಲ್ಲಿ ಅರ್ಧ ಜನ ಎದ್ದು ಮಲಗಲು ಹೋದರು. 88ನೇ ನಿಮಿಷ, ಆ ಒಂದೇ ಕಾರ್ನರ್. ಮಾಟಾ ಹೊಡೆದ, ಡ್ರೋಗ್ಬಾ ಹತ್ತಿರದ ಕಂಬದ ಕಡೆ ನುಗ್ಗಿ ತಲೆ ಕೊಟ್ಟ. ಅವರ ಗೋಲಿ ನೊಯರ್ ಕೈ ತಗುಲಿಯೂ ಚೆಂಡು ನಿಲ್ಲಲಿಲ್ಲ. ಕೊನೆಗೆ ಪೆನಾಲ್ಟಿಯಲ್ಲಿ ಕಪ್ ಗೆಲ್ಲಿಸಿದ ಹೊಡೆತವೂ ಅವನದೇ. 104 ಅಂತೆ, ಅಷ್ಟೇನಾ ಅಂತೆ!

ಲೆಕ್ಕದ_ಮೇಷ್ಟ್ರು:
ಉತ್ಸಾಹ ಚೆನ್ನಾಗಿದೆ, ಲೆಕ್ಕ ತಪ್ಪಿದೆ. ಎಣಿಸಿ. ಎಫ್‌ಎ ಕಪ್ 2007, 2009, 2010, 2012: ನಾಲ್ಕು. ಲೀಗ್ ಕಪ್ 2005ರಲ್ಲಿ ಒಂದು, 2007ರಲ್ಲಿ ಎರಡು, 2008ರಲ್ಲಿ ಒಂದು: ಮತ್ತೆ ನಾಲ್ಕು. ಚಾಂಪಿಯನ್ಸ್ ಲೀಗ್ 2012: ಒಂದು. ಒಟ್ಟು 9. ಪೆನಾಲ್ಟಿ ಶೂಟೌಟ್ ಗೋಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಸ್ವಾಮಿ.

ನೀಲಿ_ಜೆರ್ಸಿ:
ಆ ಹೊಡೆತವನ್ನು ಎಣಿಸದಿದ್ದರೆ ಇನ್ಯಾವುದನ್ನು ಎಣಿಸೋದು ಸರ್ 😄 ಆಯ್ತು, 9. ತಲೆಬರಹ ತಿದ್ದುತ್ತೇನೆ.

ಗನ್ನರ್_ಸುಮಾ:
ಆ 2007ರ ಲೀಗ್ ಕಪ್‌ನ ಎರಡೂ ಗೋಲು ನಮ್ಮ ಆರ್ಸೆನಲ್ ಮೇಲೆ. ಕಾರ್ಡಿಫ್‌ನಲ್ಲಿ. ವಾಲ್ಕಾಟ್ ಅನ್ನುವ ಚಿಕ್ಕ ಹುಡುಗ ಮೊದಲು ಗೋಲು ಹೊಡೆದು ನಮ್ಮನ್ನೆಲ್ಲ ಕುಣಿಸಿದ್ದ. ಆಮೇಲೆ ಈ ಮಹಾಶಯ ಬಂದ. ಆರ್ಸೆನಲ್ ಅಭಿಮಾನಿಗಳ ಮುಂದೆ ಡ್ರೋಗ್ಬಾ ಹೆಸರು ಎತ್ತುವುದು ಅಂದರೆ, ಹಲ್ಲುನೋವು ಇರುವವನಿಗೆ ಕಬ್ಬು ಕೊಟ್ಟ ಹಾಗೆ. ನಾನು ಈ ಚರ್ಚೆಯಲ್ಲಿ ಇರುವುದು ಬೈಯುವುದಕ್ಕೆ ಮಾತ್ರ. ಸರದಿ ಬಂದಾಗ ಕರೆಯಿರಿ.

ರೆನ್_ನಲ್ಲಿ_ರಾಘು:
ನಾನು ಕೆಲಸದ ಮೇಲೆ ಫ್ರಾನ್ಸ್‌ನ ರೆನ್ ಊರಲ್ಲಿದ್ದೇನೆ. ಡ್ರೋಗ್ಬಾನ ಕಥೆ ನಿಜವಾಗಿ ಶುರುವಾದ ಗ್ಯಾಂಗಾಂ ಇಲ್ಲಿಂದ ರೈಲಲ್ಲಿ ಹೋಗಿಬರುವಷ್ಟು ದೂರ. ಒಮ್ಮೆ ಭಾನುವಾರ ಸುಮ್ನೆ ಹೋಗಿದ್ದೆ. ನಮ್ಮ ಕಡೆಯ ಹೋಬಳಿ ಕೇಂದ್ರದಷ್ಟು ಊರು. ಜನಸಂಖ್ಯೆ ಎಂಟು ಸಾವಿರವೂ ಇಲ್ಲ, ಸ್ಟೇಡಿಯಂನಲ್ಲಿ ಸೀಟು 18,000! ಮ್ಯಾಚ್ ದಿನ ಊರಿಗಿಂತ ಸ್ಟೇಡಿಯಂನಲ್ಲೇ ಜನ ಜಾಸ್ತಿ. ನಾನು ಹೋದ ದಿನ ಬೀದಿಯಲ್ಲಿ ಒಂದು ನಾಯಿ, ಬೇಕರಿ ಮುಂದೆ ಇಬ್ಬರು ಅಜ್ಜಿಯರು, ಅಷ್ಟೇ.

ಅಲ್ಲಿಗೆ ಅವನು ಬಂದಾಗ, ಅಂದರೆ 2002ರ ಜನವರಿಯಲ್ಲಿ, ಅವನಿಗೆ 23 ದಾಟಿ 24 ಹತ್ತಿರ. ಆ ವಯಸ್ಸಿಗೆ ಮೆಸ್ಸಿ ಮೂರು ಚಾಂಪಿಯನ್ಸ್ ಲೀಗ್ ಗೆದ್ದಿದ್ದ. ಇವನು ಎರಡನೇ ದರ್ಜೆಯ ಲೆ ಮಾನ್ಸ್ ತಂಡದಲ್ಲಿ ಬೆಂಚ್ ಕಾಯುತ್ತಿದ್ದ. ಮೊದಲ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದ್ದೇ 21ರಲ್ಲಿ. ಒಂದು ಸೀಸನ್ ಪೂರ್ತಿ ಲೀಗ್‌ನಲ್ಲಿ ಒಂದೂ ಗೋಲಿಲ್ಲ. ಗಾಯದ ಮೇಲೆ ಗಾಯ. ಫುಟ್ಬಾಲ್ ಕೈಕೊಟ್ಟರೆ ಇರಲಿ ಅಂತ ಜೊತೆಗೆ ಅಕೌಂಟೆನ್ಸಿ ಬೇರೆ ಓದುತ್ತಿದ್ದ. ಅಪ್ಪ ಬ್ಯಾಂಕಿನಲ್ಲಿದ್ದವರು, ನಮ್ಮ ಮನೆಗಳ ಹಾಗೇ, ಮೊದಲು ಡಿಗ್ರಿ ಆಮೇಲೆ ಆಟ.

ಅದಕ್ಕೂ ಹಿಂದಿನದು ಇನ್ನೂ ಬೇಸರದ ಕಥೆ. ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ಹುಟ್ಟಿದವನು. ಐದು ವರ್ಷಕ್ಕೆ ಒಬ್ಬನೇ ವಿಮಾನ ಹತ್ತಿ ಫ್ರಾನ್ಸ್‌ಗೆ ಬಂದ. ಮಿಶೆಲ್ ಗೋಬಾ ಅನ್ನುವ ಅಂಕಲ್ ಇಲ್ಲಿನ ಕ್ಲಬ್‌ಗಳಲ್ಲಿ ಆಡುತ್ತಿದ್ದರು, ಅವರ ಮನೆಗೆ. ಅಂಕಲ್ ಕ್ಲಬ್ ಬದಲಿಸಿದಾಗೆಲ್ಲ ಇವನೂ ಊರು ಬದಲಿಸಬೇಕು, ಹೊಸ ಸ್ಕೂಲು, ಹೊಸ ಮುಖಗಳು. ಮೂರು ವರ್ಷಕ್ಕೆ ಮನೆ ನೆನಪಾಗಿ ವಾಪಸ್ ಹೋದ. ಆಮೇಲೆ ಅಪ್ಪ ಅಮ್ಮನ ಕೆಲಸ ಹೋಯಿತು, ಮತ್ತೆ ಫ್ರಾನ್ಸ್. ಆಗ ಅವನು ಆಡುತ್ತಿದ್ದದ್ದು ರೈಟ್ ಬ್ಯಾಕ್! ಹಿಂದೆ ಯಾಕೆ ನಿಂತಿದ್ದೀಯ, ಮುಂದೆ ಹೋಗು ಅಂತ ಹೇಳಿದ್ದು ಅದೇ ಅಂಕಲ್.

ಗ್ಯಾಂಗಾಂನಲ್ಲಿ 2002-03ರ ಸೀಸನ್‌ಗೆ 17 ಲೀಗ್ ಗೋಲು. ಅಷ್ಟು ಸಣ್ಣ ಊರಿನ ತಂಡ ಫ್ರಾನ್ಸ್‌ನಲ್ಲೇ 7ನೇ ಸ್ಥಾನ. ಮರು ವರ್ಷ ಮಾರ್ಸೆ, 19 ಲೀಗ್ ಗೋಲು. ಅದರ ಮರು ವರ್ಷ, 2004ರ ಜುಲೈನಲ್ಲಿ, ಚೆಲ್ಸಿ 2.4 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಎರಡೂವರೆ ವರ್ಷ ಹಿಂದೆ ಗ್ಯಾಂಗಾಂ ಕೊಟ್ಟಿದ್ದು ಅದರ ಒಂದು ಚೂರು ಮಾತ್ರ.

ಮೈಸೂರು_ಮಿಡ್‌ಫೀಲ್ಡ್:
ಗ್ಯಾಂಗಾಂನಲ್ಲಿ ಅವನಿಗೆ ಚೆಂಡು ಕೊಡುತ್ತಿದ್ದ ಮಲೂಡಾ ಆಮೇಲೆ ಚೆಲ್ಸಿಗೂ ಬಂದ, ಕೊನೆಗೆ ನಮ್ಮ ಐಎಸ್‌ಎಲ್‌ಗೆ ಬಂದು ಡೆಲ್ಲಿ ಡೈನಮೋಸ್‌ನಲ್ಲಿ ಆಡಿದ. ನೆನಪಿರುವವರು ಕೈ ಎತ್ತಿ. ಐವರಿ ಕೋಸ್ಟ್‌ನ ಝೊಕೋರಾ ಕೂಡ ಪುಣೆಯಲ್ಲಿ, ಗುವಾಹಟಿಯಲ್ಲಿ ಆಡಿದ. ಡ್ರೋಗ್ಬಾ ಮಾತ್ರ ಈ ಕಡೆ ತಲೆ ಹಾಕಲಿಲ್ಲ. ಶಾಂಘೈ, ಇಸ್ತಾಂಬುಲ್, ಮಾಂಟ್ರಿಯಲ್, ಫೀನಿಕ್ಸ್ ಎಲ್ಲ ಸುತ್ತಿದ, ಇಲ್ಲಿಗಿಲ್ಲ.

ಆಸ್ಟಿನ್‌ಟೌನ್_ಕೋಚ್:
ರಾಘು ಅವರು ಹೇಳಿದ ರೈಟ್ ಬ್ಯಾಕ್ ವಿಷಯ ಮುಖ್ಯ. ನಾನು ಬೆಳಿಗ್ಗೆ ಹೊತ್ತು ಮಕ್ಕಳಿಗೆ ಫುಟ್ಬಾಲ್ ಹೇಳಿಕೊಡುತ್ತೇನೆ. ಸ್ಟ್ರೈಕರ್ ಅಂದರೆ ಗೋಲು ಹೊಡೆಯುವವನು ಅಂತಲೇ ಎಲ್ಲರ ತಲೆಯಲ್ಲಿ. ನಾನು ಡ್ರೋಗ್ಬಾ ವಿಡಿಯೋ ತೋರಿಸುವುದು ಬೇರೆ ಕಾರಣಕ್ಕೆ.

ಚೆಲ್ಸಿ ಗೋಲಿ ಪೀಟರ್ ಚೆಕ್ ಗೋಲ್ ಕಿಕ್ ಹೊಡೆದಾಗ ಚೆಂಡನ್ನು ಬಿಟ್ಟು ಡ್ರೋಗ್ಬಾನನ್ನು ಮಾತ್ರ ನೋಡಿ. ಚೆಂಡು ಇನ್ನೂ ಆಕಾಶದಲ್ಲಿರುತ್ತದೆ, ಇವನು ಬೆನ್ನಿನಿಂದ ಡಿಫೆಂಡರನ್ನು ತಡಕುತ್ತಿರುತ್ತಾನೆ. ಎಡಕ್ಕಿದ್ದಾನಾ, ಬಲಕ್ಕಿದ್ದಾನಾ, ಒರಗಿದ್ದಾನಾ. ಡಿಫೆಂಡರ್ ಜೋರಾಗಿ ಒರಗಿದರೆ ಅವನ ಭಾರವನ್ನೇ ಊರುಗೋಲು ಮಾಡಿಕೊಂಡು ತಿರುಗುತ್ತಾನೆ. ತೋಳು ಅಗಲ, ಮಂಡಿ ಬಗ್ಗಿ, ಎದೆಯ ಮೇಲೆ ಚೆಂಡು. ಹಿಂದಿನಿಂದ ಚೆಂಡು ಕಾಣುವುದೇ ಇಲ್ಲ, ಅವನ ಬೆನ್ನು ಮಾತ್ರ ಕಾಣುತ್ತದೆ. ಅಷ್ಟರೊಳಗೆ ಮಿಡ್‌ಫೀಲ್ಡರ್ ಲ್ಯಾಂಪಾರ್ಡ್ ಓಡಿ ಬಂದು ಮುಟ್ಟಿರುತ್ತಾನೆ. ಲ್ಯಾಂಪಾರ್ಡ್‌ನ ಗೋಲುಗಳಲ್ಲಿ ಎಷ್ಟು ಈ ಬೆನ್ನಿನ ಸಾಲವೋ.

ಒಂದು ಮಾದರಿ ಬೇಕಾದರೆ 2006ರ ಸೆಪ್ಟೆಂಬರ್, ಲಿವರ್‌ಪೂಲ್ ಮೇಲಿನ ಗೋಲು ನೋಡಿ. ಬೆನ್ನ ಹಿಂದೆ ಕ್ಯಾರಗರ್. ಗೋಲಿಗೆ ಬೆನ್ನು ಹಾಕಿಯೇ ಎದೆಯಲ್ಲಿ ಇಳಿಸಿದ, ಅಲ್ಲೇ ಗಿರಕ್ಕನೆ ತಿರುಗಿ ಎಡಗಾಲಲ್ಲಿ ಬಾರಿಸಿದ. ಚೆಂಡು ನೆಲ ಮುಟ್ಟಲಿಲ್ಲ. ಡಿಫೆಂಡರ್ ಏನು ಯೋಚಿಸುತ್ತಾನೆ ಅಂತ ಅವನಿಗೆ ಗೊತ್ತಿತ್ತು, ಯಾಕೆಂದರೆ ಚಿಕ್ಕಂದಿನಲ್ಲಿ ಅವನೇ ಡಿಫೆಂಡರ್. ಇದು ನನ್ನ ಊಹೆ ಅನ್ನಿ, ಆದರೆ ನಮ್ಮ ಮಕ್ಕಳನ್ನು ನಾನು ಆರು ತಿಂಗಳು ಹಿಂದೆ ನಿಲ್ಲಿಸಿಯೇ ಮುಂದೆ ಕಳಿಸುವುದು. ಅಪ್ಪಂದಿರಿಗೆ ಸಿಟ್ಟು ಬರುತ್ತದೆ, ಬರಲಿ.

ಗನ್ನರ್_ಸುಮಾ:
ಸರಿ, ನನ್ನ ಸರದಿ. ಭಜನೆ ಸಾಕು.

ಒಂದು, ಆ ದೇಹ ಇಟ್ಟುಕೊಂಡು ಗಾಳಿ ಬೀಸಿದರೆ ಬೀಳುತ್ತಿದ್ದದ್ದು ಯಾಕೆ? ಮೊದಲೆರಡು ವರ್ಷ ಇಂಗ್ಲೆಂಡ್ ಪೂರ್ತಿ ಅವನನ್ನು ಅದಕ್ಕೇ ಬೈಯುತ್ತಿತ್ತು. ಎರಡು, 2008ರ ಚಾಂಪಿಯನ್ಸ್ ಲೀಗ್ ಫೈನಲ್, ಮಾಸ್ಕೋದಲ್ಲಿ. ಪೆನಾಲ್ಟಿಗೆ ಇನ್ನೇನು ಕೆಲವೇ ನಿಮಿಷ ಇರುವಾಗ ಮ್ಯಾಂಚೆಸ್ಟರ್ ಯುನೈಟೆಡ್‌ನ ವಿಡಿಚ್ ಕೆನ್ನೆಗೆ ಕೈ ತೋರಿಸಿ ಕೆಂಪು ಕಾರ್ಡ್ ತಗೊಂಡ. ಮಳೆಯಲ್ಲಿ ಐದನೇ ಹೊಡೆತಕ್ಕೆ ಚೆಲ್ಸಿ ನಾಯಕ ಟೆರ್ರಿ ಹೋದ, ಜಾರಿದ, ಕಪ್ ಮ್ಯಾಂಚೆಸ್ಟರ್‌ಗೆ. ನಿಮ್ಮ ಫೈನಲ್ ವೀರ ಅವತ್ತು ಡ್ರೆಸಿಂಗ್ ರೂಮಿನಲ್ಲಿ. ಮೂರು, 2009ರ ಬಾರ್ಸಿಲೋನಾ ಸೆಮಿಫೈನಲ್ ಮುಗಿದ ಮೇಲೆ ಚಪ್ಪಲಿಯಲ್ಲಿ ಬಂದು ಕ್ಯಾಮೆರಾ ಮುಂದೆ ಕೂಗಾಡಿದ್ದು. ಸರಿ, ರೆಫರಿ ಅವತ್ತು ಕೆಟ್ಟದಾಗಿಯೇ ಆಡಿಸಿದ, ಅದನ್ನು ಒಪ್ಪುತ್ತೇನೆ.

ನಾಲ್ಕನೆಯದು ನನಗೆ ತುಂಬಾ ಇಷ್ಟ. 2010ರ ಮೇ, ಲೀಗ್‌ನ ಕೊನೇ ದಿನ, ವಿಗನ್ ಮೇಲೆ 8-0. ಪೆನಾಲ್ಟಿ ಸಿಕ್ಕಿತು. ಗೋಲ್ಡನ್ ಬೂಟ್ (ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಪ್ರಶಸ್ತಿ) ಬೇಕು, ನಾನು ಹೊಡೆಯುತ್ತೇನೆ ಅಂತ ಇವನು, ಇಲ್ಲ ಅಂತ ಲ್ಯಾಂಪಾರ್ಡ್. 32 ವರ್ಷದ ಮನುಷ್ಯ ಮೂತಿ ಊದಿಸಿಕೊಂಡು ಓಡಾಡಿದ ರೀತಿ ನೋಡಬೇಕಿತ್ತು. ಜಾತ್ರೆಯಲ್ಲಿ ಪೀಪಿ ಕೊಡಿಸದ ಮಗುವಿನ ಹಾಗೆ.

ನೀಲಿ_ಜೆರ್ಸಿ:
ಆಮೇಲೆ ಅದೇ ಮ್ಯಾಚ್‌ನಲ್ಲಿ ಹ್ಯಾಟ್ರಿಕ್ ಹೊಡೆದು, 29 ಗೋಲಿಗೆ ಬೂಟ್ ತಗೊಂಡಿದ್ದನ್ನೂ ಹೇಳಿ ಮೇಡಂ. ಅರ್ಧ ಕಥೆ ಹೇಳಬೇಡಿ.

ಎಟೋ_ಭಕ್ತ:
ಎಲ್ಲ ಸರಿ. ಆದರೆ ಆಫ್ರಿಕಾದ ಅತಿ ದೊಡ್ಡ ಸ್ಟ್ರೈಕರ್ ಸ್ಯಾಮುಯೆಲ್ ಎಟೋ. ಎರಡು ಚಾಂಪಿಯನ್ಸ್ ಲೀಗ್ ಫೈನಲ್‌ಗಳಲ್ಲಿ ಗೋಲು, 2006 ಮತ್ತು 2009. ಬಾರ್ಸಿಲೋನಾ, ಇಂಟರ್, ಎರಡರ ಜೊತೆಗೂ ಸಾಲಾಗಿ ಎರಡು ವರ್ಷ ತ್ರಿವಳಿ, ಅಂದರೆ ಒಂದೇ ಸೀಸನ್‌ನಲ್ಲಿ ಮೂರು ಕಪ್. ಅದಕ್ಕಿಂತ ಮುಖ್ಯ, ಕ್ಯಾಮರೂನ್‌ಗೆ ಎರಡು ಆಫ್ರಿಕಾ ಕಪ್, ಒಂದು ಒಲಿಂಪಿಕ್ ಚಿನ್ನ.

ಡ್ರೋಗ್ಬಾ ದೇಶಕ್ಕೆ ಏನು ಗೆದ್ದ? 2006ರ ಆಫ್ರಿಕಾ ಕಪ್ ಫೈನಲ್, ಕೈರೋ: ಶೂಟೌಟ್‌ನಲ್ಲಿ ಅವನ ಹೊಡೆತವನ್ನು ಈಜಿಪ್ಟ್ ಗೋಲಿ ತಡೆದ. 2012ರ ಫೈನಲ್, ಜಾಂಬಿಯಾ ಎದುರು: 70ನೇ ನಿಮಿಷದಲ್ಲಿ ಸಿಕ್ಕ ಪೆನಾಲ್ಟಿಯನ್ನು ಗೋಲಿನ ಅಡ್ಡಪಟ್ಟಿಯ ಮೇಲಿಂದ ಆಚೆಗೆ ಹೊಡೆದ. ಎರಡು ಫೈನಲ್, ಸೊನ್ನೆ ಗೋಲು. ಇವನು 2014ರಲ್ಲಿ ದೇಶದ ತಂಡಕ್ಕೆ ನಿವೃತ್ತಿ ಹೇಳಿದ, ಆರು ತಿಂಗಳಲ್ಲಿ, 2015ರ ಫೆಬ್ರವರಿಗೆ, ಐವರಿ ಕೋಸ್ಟ್ ಕಪ್ ಗೆದ್ದಿತು! ನಿಮ್ಮ ತಲೆಬರಹಕ್ಕೆ ಈ ಲೆಕ್ಕವನ್ನೂ ಸೇರಿಸಿ.

ಲೆಕ್ಕದ_ಮೇಷ್ಟ್ರು:
ಇವರ ಲೆಕ್ಕ ಸರಿ ಇದೆ. 2004ರಲ್ಲಿ ಮಾರ್ಸೆ ಸೋತ ಯುಇಎಫ್‌ಎ ಕಪ್ ಫೈನಲ್‌ನಲ್ಲೂ ಗೋಲಿಲ್ಲ.

ನೀಲಿ_ಜೆರ್ಸಿ:
ಮೇಷ್ಟ್ರೇ, ನೀವು ಯಾರ ಕಡೆ?

ಲೆಕ್ಕದ_ಮೇಷ್ಟ್ರು:
ಲೆಕ್ಕದ ಕಡೆ.

ಹೊಸಬ_22:
ಕಪ್ ಗೆಲ್ಲದಿದ್ದರೆ ಏನಾಯ್ತು, ಅವನು ಒಂದು ಯುದ್ಧವನ್ನೇ ನಿಲ್ಲಿಸಿದ ಅಂತ ರೀಲ್ಸ್‌ನಲ್ಲಿ ನೋಡಿದೆ. ನಿಜಾನಾ?

ಕಾರ್ಕಳದ_ಗೇರು:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ, ಇದಕ್ಕೆ ನಾನೇ ಬರೆಯಬೇಕು. ನಾನು ಗೇರುಬೀಜದ ವ್ಯಾಪಾರದವನು. ನಮ್ಮ ಕರಾವಳಿಯ ಫ್ಯಾಕ್ಟರಿಗಳಿಗೆ ಊರಿನ ಬೀಜ ಸಾಲುವುದಿಲ್ಲ, ಆಫ್ರಿಕಾದಿಂದ ಹಡಗಿನಲ್ಲಿ ಬರಬೇಕು. ಈಗ ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ಬೀಜ ಬೆಳೆಯುವುದು ಐವರಿ ಕೋಸ್ಟ್. ಫೆಬ್ರವರಿಯಿಂದ ಅಲ್ಲಿ ಸೀಸನ್. ಕೆಲವು ವರ್ಷ ನಾನು ಅಲ್ಲೇ ಇದ್ದು ಗೋಣಿ ಗೋಣಿ ಬೀಜ ಕತ್ತರಿಸಿ ಔಟ್‌ಟರ್ನ್, ಅಂದರೆ ಎಷ್ಟು ಒಳ್ಳೆಯ ತಿರುಳು ಸಿಗುತ್ತದೆ ಅಂತ, ನೋಡುವ ಕೆಲಸ ಮಾಡಿದ್ದೇನೆ. ಹೆಚ್ಚಾಗಿ ಬುವಾಕೆಯಲ್ಲಿ.

ರೀಲ್ಸ್ ಕಥೆ ಅರ್ಧ ನಿಜ. 2002ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ದಂಗೆ ಆಗಿ ದೇಶ ಎರಡು ಹೋಳಾಯಿತು. ಉತ್ತರ ಬಂಡುಕೋರರ ಕೈಯಲ್ಲಿ, ದಕ್ಷಿಣ ಸರ್ಕಾರದ ಕೈಯಲ್ಲಿ. ಬುವಾಕೆ ಬಂಡುಕೋರರ ರಾಜಧಾನಿ ಇದ್ದ ಹಾಗೆ. 2005ರ ಅಕ್ಟೋಬರ್ 8, ಸುಡಾನ್‌ನ ಓಂಡುರ್‌ಮನ್‌ನಲ್ಲಿ ಇವರು 3-1ಕ್ಕೆ ಗೆದ್ದರು. ಅದೇ ಹೊತ್ತಿಗೆ ಕ್ಯಾಮರೂನ್ ಈಜಿಪ್ಟ್ ಜೊತೆ ಸಮ ಮಾಡಿಕೊಂಡು, ಕೊನೇ ಗಳಿಗೆಯ ಪೆನಾಲ್ಟಿಯನ್ನು ಕಳೆದುಕೊಂಡಿತು. ಐವರಿ ಕೋಸ್ಟ್ ಮೊದಲ ಸಲ ವಿಶ್ವಕಪ್‌ಗೆ ಹೋಯಿತು. ಡ್ರೆಸಿಂಗ್ ರೂಮಿಗೆ ಟಿವಿಯವರು ಬಂದರು. ಡ್ರೋಗ್ಬಾ ಮೈಕ್ ತಗೊಂಡ. ಉತ್ತರ, ದಕ್ಷಿಣ, ನಡುನಾಡು, ಪಶ್ಚಿಮ, ಎಲ್ಲ ಕಡೆಯವರೂ ಒಂದೇ ತಂಡದಲ್ಲಿ ಆಡಿದ್ದೇವೆ, ಆಯುಧ ಕೆಳಗಿಡಿ, ಚುನಾವಣೆ ಮಾಡಿ ಅಂತ ಕೇಳಿಕೊಂಡ. ತಂಡದವರೆಲ್ಲ ಮಂಡಿಯೂರಿದರು.

ಮರುದಿನವೇ ಬಂದೂಕು ಸುಮ್ಮನಾಯಿತಾ? ಇಲ್ಲ ಮಾರಾಯ್ರೆ. ಒಪ್ಪಂದ ಆಗಿದ್ದು 2007ರ ಮಾರ್ಚ್‌ನಲ್ಲಿ, ಪಕ್ಕದ ಬುರ್ಕಿನಾ ಫಾಸೊದ ವಾಗಡೂಗುವಿನಲ್ಲಿ, ರಾಜಕಾರಣಿಗಳ ನಡುವೆ. ಅದೇ ತಿಂಗಳು ಡ್ರೋಗ್ಬಾ ಆಫ್ರಿಕಾದ ವರ್ಷದ ಆಟಗಾರ ಟ್ರೋಫಿ ಹಿಡಿದು ಬುವಾಕೆಗೆ ಬಂದ. ಮುಂದಿನ ಮ್ಯಾಚ್ ಇಲ್ಲೇ ಆಡುತ್ತೇವೆ ಅಂದ. ಜೂನ್ 3ಕ್ಕೆ ಮಡಗಾಸ್ಕರ್ ಜೊತೆ ಆಡಿದರು, 5-0. ಕೊನೇ ಗೋಲು ಅವನದು. ಇದು ಯಾಕೆ ದೊಡ್ಡದು ಅಂದರೆ, ಅವನು ಬೆಟೆ ಸಮುದಾಯದವನು, ಆಗಿನ ಅಧ್ಯಕ್ಷ ಬಾಗ್ಬೋ ಕೂಡ ಅದೇ ಸಮುದಾಯ. ಎದುರು ಪಾಳೆಯದ ಊರಿಗೆ ಬಂದು ಆಡಿದ ಹಾಗಾಯಿತು. ಬುವಾಕೆಯ ಮಕ್ಕಳಾದ ಕೋಲೋ ಟೂರೆ, ಯಾಯಾ ಟೂರೆ ಅವನ ತಂಡದಲ್ಲೇ ಇದ್ದರು.

ಆದರೂ 2010ರ ಚುನಾವಣೆ ಆದ ಮೇಲೆ ಮತ್ತೆ ಹೊತ್ತಿಕೊಂಡಿತು, ಸುಮಾರು 3,000 ಜನ ಸತ್ತರು. ಇದು ರೀಲ್ಸ್‌ನಲ್ಲಿ ಬರುವುದಿಲ್ಲ.

ಎಟೋ_ಭಕ್ತ:
ಒಪ್ಪಿದೆ ಅಣ್ಣ. ಹಾಗಾದರೆ ಅಲ್ಲಿನ ಜನ ಆ ಆಫ್ರಿಕಾ ಕಪ್ ಪೆನಾಲ್ಟಿಗಳನ್ನು ಕ್ಷಮಿಸಿದರಾ? ನಮ್ಮಲ್ಲಿ ಒಬ್ಬ ಕ್ಯಾಚ್ ಬಿಟ್ಟರೆ ಮನೆಗೆ ಕಲ್ಲು ಹೊಡೆಯುತ್ತಾರೆ.

ಮೈಸೂರು_ಮಿಡ್‌ಫೀಲ್ಡ್:
ಅಲ್ಲಿ ಅವನ ಹೆಸರಿನ ಬಿಯರ್ ಇದೆ ಅಂತ ಕೇಳಿದ್ದೆ, ಹೌದಾ?

ಕಾರ್ಕಳದ_ಗೇರು:
ಕಂಪನಿ ಇಟ್ಟ ಹೆಸರಲ್ಲ, ಜನ ಇಟ್ಟದ್ದು. ಒಂದು ಲೀಟರಿನ ಬಾಟಲಿಗೆ ಅಲ್ಲಿ 'ಡ್ರೋಗ್ಬಾ' ಅನ್ನುತ್ತಾರೆ. ದೊಡ್ಡದು, ಗಟ್ಟಿ, ಅದಕ್ಕೆ. ಬೀದಿ ಬದಿಯ ಊಟದ ಅಂಗಡಿಗೆ 'ಮಾಕಿ' ಅಂತ ಹೆಸರು. ಪ್ಲಾಸ್ಟಿಕ್ ಕುರ್ಚಿ, ಸುಟ್ಟ ಮೀನು, ಮರಗೆಣಸಿನ ರವೆಯಂಥ ಅತ್ತಿಯೆಕೆ, ಮೂಲೆಯಲ್ಲಿ ಒಂದು ಟಿವಿ. ನನಗೆ ಅತ್ತಿಯೆಕೆ ಬೇಗ ಹಿಡಿಸಿತು, ನಮ್ಮ ಕುಚ್ಚಲಕ್ಕಿ ಗಂಜಿ ಬಿಟ್ಟರೆ ಅದೇ.

ಎಟೋ ಭಕ್ತರ ಪ್ರಶ್ನೆಗೆ. 2012ರ ಫೆಬ್ರವರಿ 12ಕ್ಕೆ ನಾನು ಬುವಾಕೆಯಲ್ಲೇ ಇದ್ದೆ. ಸೀಸನ್ ಆಗಷ್ಟೇ ಶುರು. ಗೋದಾಮಿನ ಹುಡುಗರ ಜೊತೆ ಮಾಕಿಯಲ್ಲಿ ಕೂತು ಫೈನಲ್ ನೋಡಿದ್ದು. ಇಡೀ ಟೂರ್ನಿಯಲ್ಲಿ ಇವರ ಮೇಲೆ ಒಂದೂ ಗೋಲು ಆಗಿರಲಿಲ್ಲ, ಕಪ್ ಬಂದೇ ಬಿಟ್ಟಿತು ಅಂತ ಎಲ್ಲರೂ. ಪೆನಾಲ್ಟಿ ಸಿಕ್ಕಾಗ ಕುರ್ಚಿಗಳು ಬಿದ್ದವು. ಡ್ರೋಗ್ಬಾ ಹೊಡೆದ. ಚೆಂಡು ಮೇಲಕ್ಕೆ ಹೋಯಿತು. ನನ್ನ ಬಾಯಲ್ಲಿ "ಪೋಂಡು" ಅಂತ ಬಂತು. ತುಳು ಬಾರದವರಿಗೆ: 'ಹೋಯ್ತು' ಅಂತ. ಅಲ್ಲಿ ಯಾರೂ ಬೈಯಲಿಲ್ಲ. ಅದೇ ನನಗೆ ಆಶ್ಚರ್ಯ. ಶೂಟೌಟ್‌ನಲ್ಲಿ ಅವನು ಹೊಡೆದದ್ದು ಒಳಗೆ ಹೋಯಿತು, ಆದರೂ ಕೊನೆಗೆ 8-7ಕ್ಕೆ ಜಾಂಬಿಯಾ ಗೆದ್ದಿತು. ಮಾಕಿಯ ಅಮ್ಮ ದುಡ್ಡು ಕೇಳುವುದನ್ನೂ ಮರೆತು ಪಾತ್ರೆ ತೊಳೆಯುತ್ತಾ ಕೂತಳು.

ಆಮೇಲೆ ಮೇ 19. ಲೆಕ್ಕದ ಮೇಷ್ಟ್ರು ಎಣಿಸುವ ಮೊದಲು ನಾನೇ ಹೇಳುತ್ತೇನೆ, 97 ದಿನ. ಸೀಸನ್ ಮುಗಿಯುತ್ತಾ ಬಂದಿತ್ತು, ಲೋಡ್ ಕಳಿಸಲು ನಾನು ಅಬಿಜಾನ್ ಬಂದರಿನ ಹತ್ತಿರ ಇದ್ದೆ. ಬೇರೆ ಮಾಕಿ, ಅದೇ ಥರದ ಟಿವಿ. ಮ್ಯೂನಿಕ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಇದೇ ಡ್ರೋಗ್ಬಾ ರಿಬೆರಿಯನ್ನು ಕೆಡವಿ ಪೆನಾಲ್ಟಿ ಕೊಟ್ಟಾಗ ಪಕ್ಕದ ಮೇಜಿನ ಮುದುಕರೊಬ್ಬರು ಎದ್ದು ಕುರ್ಚಿಯನ್ನು ರಸ್ತೆ ಕಡೆ ತಿರುಗಿಸಿ ಕೂತರು. ಚೆಕ್ ಅದನ್ನು ತಡೆದ. ಅವರು ತಿರುಗಲಿಲ್ಲ. ಶೂಟೌಟ್ ಪೂರ್ತಿ ಅವರು ರಸ್ತೆಯನ್ನೇ ನೋಡುತ್ತಿದ್ದರು, ಹೋಗುವ ಟ್ಯಾಕ್ಸಿಗಳನ್ನು. ಕೊನೇ ಹೊಡೆತಕ್ಕೆ ಡ್ರೋಗ್ಬಾ ಬರುತ್ತಿದ್ದಾನೆ ಅಂತ ಯಾರೋ ಹೇಳಿದರು. ಮುದುಕರು ನನ್ನ ಕೈ ಹಿಡಿದು, ನೀನು ನೋಡಿ ಹೇಳು ಅಂದರು.

ಎರಡೇ ಹೆಜ್ಜೆ ಹಿಂದೆ ಹೋದ. ಓಡಲೂ ಇಲ್ಲ. ನೊಯರ್ ಒಂದು ಕಡೆ, ಚೆಂಡು ಇನ್ನೊಂದು ಕಡೆ.

ಮಾತಾಡಲು ಬರುವ ಫ್ರೆಂಚ್ ಎಲ್ಲ ಮರೆತು ಹೋಗಿ ನಾನು ಮತ್ತೆ "ಪೋಂಡು!" ಅಂತಲೇ ಕೂಗಿದೆ. ಪಾಪ, ಮುದುಕರಿಗೆ ಒಳಗೆ ಹೋಯ್ತೋ ಹೊರಗೆ ಹೋಯ್ತೋ ತಿಳಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಬೀದಿಯಲ್ಲಿ ಒಂದೊಂದೇ ಟ್ಯಾಕ್ಸಿ ಹಾರ್ನ್ ಹೊಡೆಯಲು ಶುರು ಮಾಡಿತು.

ಗನ್ನರ್_ಸುಮಾ:
ಇದಕ್ಕೆ ಬೈಯಲು ಆಗುತ್ತಿಲ್ಲ. ಇವತ್ತಿಗೆ ರಜೆ.